ವಿಚಾರ, ಶ್ರವಣ, ನಾಮ, ನೇರ ದಾರಿ: ಅದ್ವೈತದ ಇಂದಿನ ಹಾದಿಗಳಲ್ಲಿ ನಿಮಗೆ ಹೊಂದುವುದು ಯಾವುದು?

ಕಾಸರಗೋಡಿನ ಕನ್ನಡಿಗರಿಗೆ ಅದ್ವೈತ ದೂರದ ಮಾತಲ್ಲ. ಎಡನೀರಿನಲ್ಲಿ ತೋಟಕಾಚಾರ್ಯರ ಪರಂಪರೆಯ ಮಠವಿದೆ. ರೈಲಿನಲ್ಲಿ ಅರ್ಧ ಗಂಟೆ ತೆಂಕಿಗೆ ಹೋದರೆ ಕಾಞಂಗಾಡಿನ ಆನಂದಾಶ್ರಮ ಸಿಗುತ್ತದೆ. ರಾತ್ರಿ ರೈಲು ಹತ್ತಿ ಕಾಟ್ಪಾಡಿಯಲ್ಲಿಳಿದು ಬಸ್ಸು ಹಿಡಿದರೆ ರಮಣ ಮಹರ್ಷಿಗಳ ತಿರುವಣ್ಣಾಮಲೈ. ಇದೆಲ್ಲಕ್ಕಿಂತ ಹತ್ತಿರದಲ್ಲಿ, ಅಂಗೈಯಲ್ಲೇ, ಮೊಬೈಲು ಇದೆ. ಅದರಲ್ಲಿ ಒಬ್ಬರು ಹತ್ತು ವರ್ಷ ಶಾಸ್ತ್ರ ಓದು ಅನ್ನುತ್ತಾರೆ, ಇನ್ನೊಬ್ಬರು ಓದೇ ತೊಡಕು ಅನ್ನುತ್ತಾರೆ, ಮೂರನೆಯವರು ಮಾಡುವುದಕ್ಕೆ ಏನೂ ಇಲ್ಲ, ಮಾಡುವವನೂ ಇಲ್ಲ ಅನ್ನುತ್ತಾರೆ. ಮೂವರನ್ನೂ ಒಂದೇ ವಾರದಲ್ಲಿ ಕೇಳಿದವರು ಗೊಂದಲಕ್ಕೆ ಬೀಳದಿದ್ದರೆ ಆಶ್ಚರ್ಯ.

ತೀರ್ಮಾನದಲ್ಲಿ ಇವರೆಲ್ಲ ಬಹುಮಟ್ಟಿಗೆ ಒಂದೇ: ನೋಡುವ ಅರಿವು, ನೋಡಿಸಿಕೊಳ್ಳುವ ಜಗತ್ತು ಎರಡಲ್ಲ, ಆ ಅರಿವೇ ನೀನು. ಹಾಗಾಗಿ ತೀರ್ಮಾನ ಕೇಳಿ ದಾರಿ ಆರಿಸಲು ಬರುವುದಿಲ್ಲ. ಕೇಳಬೇಕಾದ್ದು ಬೇರೆ. ಬೆಳಗ್ಗೆ ಕೂತಾಗ ಏನು ಮಾಡಬೇಕು? ಸಿಕ್ಕಿಕೊಂಡರೆ ಯಾರನ್ನು, ಯಾವ ಭಾಷೆಯಲ್ಲಿ ಕೇಳಬೇಕು? ಈ ದಾರಿ ಕೆಡುವುದಾದರೆ ಹೇಗೆ ಕೆಡುತ್ತದೆ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಪ್ರತಿ ದಾರಿಗೂ ಅದರದೇ ಒಂದು ಕಾಯಿಲೆ ಇದೆ, ಮತ್ತು ಆ ಕಾಯಿಲೆ ನಿಮ್ಮ ಸ್ವಭಾವದಲ್ಲಿ ಆಗಲೇ ಇದ್ದರೆ ಆ ದಾರಿ ಅದನ್ನು ಬೆಳೆಸುತ್ತದೆ.

ರಮಣರ ವಿಚಾರ

1896ರಲ್ಲಿ ಮದುರೆಯ ಮನೆಯೊಂದರ ಮಾಳಿಗೆಯಲ್ಲಿ ಹದಿನಾರರ ಹುಡುಗನಿಗೆ ಸಾವಿನ ಭಯ ಬಂತು. ಅವನು ನೆಲಕ್ಕೆ ಮಲಗಿ, ದೇಹ ಸತ್ತಿತು ಎಂದಿಟ್ಟುಕೊಂಡು, ಆಗ ಉಳಿಯುವುದೇನೆಂದು ನೋಡಿದ. ಮುಂದೆ ರಮಣ ಮಹರ್ಷಿ ಎನಿಸಿದ ಅವನು ಕೆಲವೇ ವಾರಗಳಲ್ಲಿ ತಿರುವಣ್ಣಾಮಲೈ ಸೇರಿ 1950ರಲ್ಲಿ ದೇಹ ಬಿಡುವ ತನಕ ಅಲ್ಲಿನ ಅರುಣಾಚಲ ಬೆಟ್ಟದ ಆಸುಪಾಸು ಬಿಟ್ಟು ಹೋಗಲಿಲ್ಲ. ಶಿವಪ್ರಕಾಶಂ ಪಿಳ್ಳೈ ಎಂಬವರು 1901–02ರ ಸುಮಾರಿಗೆ ಕೇಳಿದ ಪ್ರಶ್ನೆಗಳಿಗೆ ಮೌನದಲ್ಲಿದ್ದ ರಮಣರು ಬರೆದು ತೋರಿಸಿದ ಉತ್ತರಗಳೇ ‘ನಾನ್ ಯಾರ್’. ಕೆಲವೇ ಪುಟಗಳ ಈ ಪುಸ್ತಿಕೆ ಕನ್ನಡದಲ್ಲೂ ಸಿಗುತ್ತದೆ. ವಿಚಾರ, ಅಂದರೆ ‘ನಾನು ಯಾರು’ ಎಂದು ಒಳಗೇ ಹುಡುಕುವುದು, ಮಾಡಲು ಅದಕ್ಕಿಂತ ಹೆಚ್ಚು ಓದುವ ಅಗತ್ಯ ನಿಜಕ್ಕೂ ಇಲ್ಲ.

ಮಾಡುವುದು ಹೀಗೆ. ಬೆನ್ನು ನೆಟ್ಟಗಿಟ್ಟು 20 ನಿಮಿಷ ಕೂರಿ. ಯೋಚನೆ ಬರುತ್ತದೆ, ಅಡಿಕೆಯ ಧಾರಣೆಯೋ ಮಗಳ ಫೀಸೋ ಯಾವುದೋ ಒಂದು. ಅದನ್ನು ಓಡಿಸಲು ಹೋಗಬೇಡಿ, ಅದರ ಹಿಂದೆಯೂ ಹೋಗಬೇಡಿ. ‘ಇದು ಬಂದದ್ದು ಯಾರಿಗೆ?’ ಎಂದು ಒಮ್ಮೆ ಕೇಳಿ. ‘ನನಗೆ’ ಎಂಬ ಉತ್ತರ ತಾನಾಗಿ ಇರುತ್ತದೆ. ಆ ‘ನನಗೆ’ ಎಂಬಲ್ಲಿ ಒಂದು ಹಿಡಿತ ಇದೆಯಲ್ಲ, ಹೆಸರು ವಯಸ್ಸು ಜಾತಿ ಸೇರುವ ಮೊದಲಿನ ಬರಿಯ ‘ನಾನು’, ಗಮನವನ್ನು ಅದರ ಮೇಲೆ ತಿರುಗಿಸಿ. ‘ಈ ನಾನು ಯಾರು?’ ಎಂಬ ಪ್ರಶ್ನೆಗೆ ಇರುವುದು ಅಷ್ಟೇ ಕೆಲಸ, ಗಮನವನ್ನು ತಿರುಗಿಸುವುದು. ಹಿಡಿತ ಎರಡು ಸೆಕೆಂಡು ನಿಂತು ಜಾರುತ್ತದೆ. ಜಾರಿದ್ದು ತಿಳಿದ ಕೂಡಲೇ ಮತ್ತೆ ‘ಯಾರಿಗೆ?’ ಆ 20 ನಿಮಿಷದಲ್ಲಿ ನೂರು ಸಲ ಜಾರಿದರೂ ಅಭ್ಯಾಸ ಸರಿಯಾಗಿಯೇ ಆಗುತ್ತಿದೆ.

ತಪ್ಪುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು, ‘ನಾನು ಯಾರು, ನಾನು ಯಾರು’ ಎಂದು ಮಂತ್ರದ ಹಾಗೆ ಜಪಿಸುವುದು; ಬಾಯಿಗೆ ಕೆಲಸ ಸಿಕ್ಕಿ ಗಮನ ಹೊರಗೇ ಉಳಿಯುತ್ತದೆ. ಎರಡನೆಯದು, ‘ನಾನು ಬ್ರಹ್ಮ’ ಎಂದು ಓದಿದ ಉತ್ತರ ಕೊಟ್ಟು ಮುಗಿಸುವುದು. ಮೂರನೆಯದು, ರಮಣರು ಹೃದಯ ಎದೆಯ ಬಲಭಾಗದಲ್ಲಿದೆ ಎಂದದ್ದನ್ನು ಕೇಳಿ ಅಲ್ಲೊಂದು ಬಿಂದುವನ್ನು ಹಿಡಿದು ಕೂರುವುದು. ಒಂದು ಜಾಗದ ಮೇಲೆ ಮನಸ್ಸು ನಿಲ್ಲಿಸುವುದು ವಿಚಾರವಲ್ಲ ಎಂದು ಅವರೇ ಬಿಡಿಸಿ ಹೇಳಿದ್ದಾರೆ. ನಾಲ್ಕನೆಯದು ಅತಿ ಸಿಹಿಯಾದ ತಪ್ಪು, ಲಯ. ಯೋಚನೆ ನಿಂತು ಹಿತವಾದ ಮಬ್ಬು ಕವಿಯುತ್ತದೆ, ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ, ಎದ್ದ ಮೇಲೆ ಮನಸ್ಸು ಮೊದಲಿನಂತೆಯೇ. ಮನಸ್ಸು ಸ್ವಲ್ಪ ಹೊತ್ತು ಅಡಗುವ ಮನೋಲಯ ಬೇರೆ, ಮತ್ತೆ ಏಳದಂತೆ ಅಳಿಯುವ ಮನೋನಾಶ ಬೇರೆ ಎಂದು ರಮಣರು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಕೂತೆದ್ದಾಗ ತಲೆ ಹಗುರವಾಗಿ ಕಣ್ಣು ಚುರುಕಾಗಿದ್ದರೆ ಸರಿ; ಮಧ್ಯಾಹ್ನದ ನಿದ್ದೆಯಿಂದ ಎದ್ದಂತೆ ಭಾರವಾಗಿದ್ದರೆ ಅದು ಲಯ. ಆಗ ಎದ್ದು ಅಂಗಳದಲ್ಲಿ ಹತ್ತು ಸುತ್ತು ನಡೆಯುತ್ತಲೇ ‘ನಡೆಯುವುದು ಯಾರು?’ ಎಂದು ಹಿಡಿಯಿರಿ.

ಈ ದಾರಿಗೆ ದೀಕ್ಷೆ ಬೇಡ, ಶುಲ್ಕವಿಲ್ಲ, ಮತ ಬದಲಿಸಬೇಕಾಗಿಲ್ಲ. ರಬ್ಬರು ಟ್ಯಾಪಿಂಗಿಗೆ ಬೆಳಗಿನ ಜಾವ ಹೋಗುವವರೂ ಮರದಿಂದ ಮರಕ್ಕೆ ನಡೆಯುವಾಗ ಮಾಡಬಹುದು. ಕೊರತೆಯೆಂದರೆ ತಪ್ಪಿದ್ದನ್ನು ತಿದ್ದಲು ಎದುರಿಗೆ ಯಾರೂ ಇಲ್ಲ. ರಮಣಾಶ್ರಮದಲ್ಲಿ ಕೆಲವು ದಿನ ಉಳಿಯಬಹುದು, ಮೊದಲೇ ಬರೆದು ಕೇಳಿಕೊಳ್ಳಬೇಕು. ಆದರೆ ಅಲ್ಲಿ ಸಿಗುವುದು ಮೌನದ ಸನ್ನಿಧಿ, ಪ್ರಶ್ನೋತ್ತರದ ತರಗತಿಯಲ್ಲ. ಮೊದಲೇ ಒಂಟಿಯಾಗಿ, ಒಳಗೊಳಗೇ ಕೊರಗುವ ಸ್ವಭಾವದವರಿಗೆ ಇದೊಂದನ್ನೇ ಹಿಡಿಯಿರಿ ಎಂದು ಹೇಳಲು ಮನಸ್ಸಾಗುವುದಿಲ್ಲ.

ಇಂಚಗೇರಿಯ ‘ನಾನಿದ್ದೇನೆ’

ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರನ್ನು ಇಂದು ಲೋಕವೆಲ್ಲ ಇಂಗ್ಲಿಷಿನಲ್ಲಿ ಓದುತ್ತದೆ. ಅವರ ಪರಂಪರೆಯ ಬೇರು ಮಾತ್ರ ಕನ್ನಡದ ಮಣ್ಣಿನಲ್ಲಿದೆ. ನಿಂಬರಗಿ ಮಹಾರಾಜರು, ಅವರ ಶಿಷ್ಯ ಜತ್ತ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು, ಅವರು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಕಟ್ಟಿದ ಮಠ, ಅಲ್ಲಿಂದ ಸೊಲ್ಲಾಪುರ ಜಿಲ್ಲೆಯ ಪಾಥರಿಯಲ್ಲಿ ಹುಟ್ಟಿದ ಸಿದ್ಧರಾಮೇಶ್ವರ ಮಹಾರಾಜರು. 1933ರಲ್ಲಿ ನಿಸರ್ಗದತ್ತರು ಕಂಡದ್ದು ಇವರನ್ನೇ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡಿಗರಿಗೆ ಇದು ಮನೆಯಂಗಳದ ಸಂಪ್ರದಾಯ. ಅವರು ಇದನ್ನು ಅನುವಾದದ ಅನುವಾದದಲ್ಲಿ ಓದಬೇಕಾಗಿಲ್ಲ.

ಈ ಪರಂಪರೆಯೊಳಗೇ ಎರಡು ದಾರಿ ಇವೆ, ಅದನ್ನು ತಿಳಿಯದೆ ಓದಿದರೆ ಗೊಂದಲ. ಭಾವುಸಾಹೇಬರದು ನಾಮದ ದೀರ್ಘ ಧ್ಯಾನ. ಮರವನ್ನು ಬುಡದಿಂದ ಹತ್ತಿ ಹಣ್ಣು ಮುಟ್ಟುವ ಪಿಪೀಲಿಕಾ ಮಾರ್ಗ, ಇರುವೆಯ ದಾರಿ. ಸಿದ್ಧರಾಮೇಶ್ವರರದು ವಿಹಂಗಮ ಮಾರ್ಗ, ನೇರ ಹಣ್ಣಿಗೇ ಹಾರುವ ಹಕ್ಕಿಯ ದಾರಿ: ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ ಎಂಬ ನಾಲ್ಕು ದೇಹಗಳನ್ನು ಒಂದೊಂದಾಗಿ ‘ಇದು ನಾನಲ್ಲ’ ಎಂದು ಬಿಡಿಸುತ್ತ ಹೋಗುವುದು. ನಿಸರ್ಗದತ್ತರು ಅದನ್ನು ಇನ್ನೂ ಚಿಕ್ಕದು ಮಾಡಿದರು: ‘ನಾನಿದ್ದೇನೆ’ ಎಂಬ ಇರವಿನ ಅರಿವಿನಲ್ಲೇ ನಿಲ್ಲು.

ರಮಣರ ವಿಚಾರಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ, ಅಭ್ಯಾಸದಲ್ಲಿ ಮಾತ್ರ ದೊಡ್ಡದು. ಅಲ್ಲಿ ‘ನಾನು’ ಎಲ್ಲಿಂದ ಏಳುತ್ತದೆಂದು ಹುಡುಕುತ್ತೀರಿ. ಇಲ್ಲಿ ‘ಇದ್ದೇನೆ’ ಎಂಬ ಹಿತದಲ್ಲಿ ಕೂರುತ್ತೀರಿ. ಹಿಡಿಯಲು ಸುಲಭದ ಸಮಯ ಬೆಳಗ್ಗೆ ಎಚ್ಚರವಾಗುವ ಕ್ಷಣ. ಇಂದು ಯಾವ ವಾರ, ಎಲ್ಲಿ ಹೋಗಬೇಕು ಎಂಬುದು ನೆನಪಾಗುವ ಮೊದಲು ಒಂದೆರಡು ಸೆಕೆಂಡು ಬರಿಯ ಇರವು ಇರುತ್ತದೆ. ಅದನ್ನು ಒಂದು ವಾರ ಗಮನಿಸಿ, ಆಮೇಲೆ ಕೂತಾಗ ಅದೇ ರುಚಿಯನ್ನು ಗುರುತಿಸಿ ಅದರಲ್ಲೇ 20 ನಿಮಿಷ ಇರಿ. ಹುಡುಕುವ ಚಡಪಡಿಕೆ ಜಾಸ್ತಿ ಇರುವವರಿಗೆ ವಿಚಾರಕ್ಕಿಂತ ಇದು ಹೊಂದುತ್ತದೆ.

ಕೆಡುವುದು ಓದಿನಿಂದ. 1981ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ, ಗಂಟಲ ಕ್ಯಾನ್ಸರಿನ ನೋವಿನ ನಡುವೆ, ನಿಸರ್ಗದತ್ತರು ಆ ‘ನಾನಿದ್ದೇನೆ’ಯೂ ಬಂದು ಹೋಗುವಂಥದ್ದು, ಅದರಾಚೆಗೆ ನೋಡಿ ಎನ್ನುತ್ತಿದ್ದರು. ‘ನಾನಿದ್ದೇನೆ’ಯಲ್ಲಿ ಇನ್ನೂ ನೆಲೆಯೇ ನಿಲ್ಲದವರು ಆ ಮಾತುಗಳಿಂದ ಶುರು ಮಾಡಿದರೆ ಎಲ್ಲವೂ ಶೂನ್ಯ, ಏನೂ ಬೇಡ ಎಂಬ ಒಣ ಬೇಸರ ಹತ್ತುತ್ತದೆ. ವೈರಾಗ್ಯದಲ್ಲಿ ಹಗುರವಿರುತ್ತದೆ, ಈ ಬೇಸರದಲ್ಲಿ ಭಾರವಿರುತ್ತದೆ. ಹೋಲಿಸಿ ನೋಡಿದರೆ ತಿಳಿಯುತ್ತದೆ. ಮೊದಲ ಎರಡು ವರ್ಷ ಅವರ ಹಿಂದಿನ ಮಾತುಗಳನ್ನೇ ಓದಿ.

ಗುರುಮುಖದ ಶ್ರವಣ

ಶಾಸ್ತ್ರದ ದಾರಿಯನ್ನು ಕಷ್ಟದ್ದು ಎಂದು ಬದಿಗಿಡುವವರು ಅದರ ವಾದವನ್ನು ಒಮ್ಮೆ ಕೇಳಬೇಕು. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ, ಒಂಬತ್ತೇ ಬಂತೆಂದು ಅತ್ತ ಕಥೆ ಎಲ್ಲರಿಗೂ ಗೊತ್ತು. ಅವನಿಗೆ ಬೇಕಾದ್ದು ಧ್ಯಾನವಲ್ಲ, ವಿಶೇಷ ಅನುಭವವೂ ಅಲ್ಲ. ‘ಹತ್ತನೆಯವನು ನೀನೇ’ ಎಂದು ನಂಬಬಹುದಾದವರು ಒಬ್ಬರು ಹೇಳಬೇಕು. ಬ್ರಹ್ಮಾನುಭವ ಎಂಬುದು ಒಂದು ದಿನ ಬಂದದ್ದಾದರೆ ಇನ್ನೊಂದು ದಿನ ಹೋಗುತ್ತದೆ. ಹೋಗದೆ ಇರುವುದು ತಿಳಿವಳಿಕೆ ಮಾತ್ರ. ಈಚಿನವರಲ್ಲಿ ಈ ಮಾತನ್ನು ಅತ್ಯಂತ ಖಚಿತವಾಗಿ ಹೇಳಿದವರು ಕೊಯಮತ್ತೂರು ಬಳಿಯ ಆನೈಕಟ್ಟಿಯಲ್ಲಿ ಗುರುಕುಲ ಕಟ್ಟಿದ ಸ್ವಾಮಿ ದಯಾನಂದ ಸರಸ್ವತಿ.

ಕನ್ನಡ ಓದುವವರಿಗೆ ಇಲ್ಲೊಂದು ಭಾಗ್ಯವಿದೆ, ಬೇರೆ ಭಾಷೆಯವರಿಗೆ ಸುಲಭವಾಗಿ ಸಿಗದಂಥದ್ದು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1920ರಿಂದ ಶಂಕರ ಭಾಷ್ಯಗಳನ್ನು ತಿಳಿಗನ್ನಡದಲ್ಲಿ ಕೊಡುತ್ತ ಬಂದಿದೆ. ಮೂಲಾವಿದ್ಯೆ, ಅಂದರೆ ಜಗತ್ತಿಗೆ ಬೀಜವಾಗಿ ನಿಜಕ್ಕೂ ಇರುವ ಒಂದು ಅಜ್ಞಾನ, ಎಂಬ ಕಲ್ಪನೆ ಶಂಕರರದಲ್ಲ, ನಂತರದ ವ್ಯಾಖ್ಯಾನಕಾರರದು ಎಂದು ಅವರು ವಾದಿಸಿದ್ದು ಪಂಡಿತರ ನಡುವೆ ಇಂದಿಗೂ ಚರ್ಚೆಯ ವಿಷಯ. ಹೊಸಬರು ಆ ಜಗಳಕ್ಕೆ ಇಳಿಯಬೇಕಾಗಿಲ್ಲ. ಅವರು ಎತ್ತಿಹಿಡಿದ ಅವಸ್ಥಾತ್ರಯ ವಿಚಾರ, ಅಂದರೆ ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಸರಿಸಮಾನವಾಗಿ ಮುಂದಿಟ್ಟು ಮೂರಕ್ಕೂ ಸಾಕ್ಷಿ ಯಾರೆಂದು ನೋಡುವುದು, ಇದೊಂದೇ ವರ್ಷಗಟ್ಟಲೆ ಸಾಕಾಗುವ ಕೆಲಸ.

ಕ್ರಮ ಮುಖ್ಯ. ಮೊದಲು ತತ್ತ್ವಬೋಧ ಎಂಬ ಆರಂಭದ ಪುಸ್ತಕ; ವಾರಕ್ಕೊಂದು ತರಗತಿಯಾದರೆ ಮೂರು ನಾಲ್ಕು ತಿಂಗಳು. ಅದರಲ್ಲಿ ಪದಗಳು ಕೈಗೆ ಬರುತ್ತವೆ. ಆಮೇಲೆ ಆತ್ಮಬೋಧ, ಗೀತೆ, ಬಳಿಕ ಕೇನ, ಕಠ, ಮುಂಡಕ ಉಪನಿಷತ್ತುಗಳು. ಮಾಂಡೂಕ್ಯ ಕೈಗೆತ್ತಿಕೊಳ್ಳುವುದು ಇವೆಲ್ಲ ಆದ ಮೇಲೆ. ಹನ್ನೆರಡೇ ಮಂತ್ರ, ಸಣ್ಣದು ಎಂದು ಅದರಿಂದಲೇ ಶುರು ಮಾಡಿದವರು ಅರ್ಧದಲ್ಲಿ ಬಿಟ್ಟುಬಿಡುತ್ತಾರೆ. ಧ್ವನಿಮುದ್ರಿತ ತರಗತಿಗಳನ್ನು ಮೊಬೈಲಿನಲ್ಲಿ ಕೇಳಬಹುದು, ಆದರೆ ಕೇಳಿದ ಪ್ರತಿ ಒಂದು ಗಂಟೆಗೆ ಅರ್ಧ ಗಂಟೆ ಬರೆದುಕೊಂಡು ಸಂಶಯ ತೆಗೆಯಿರಿ. ಶ್ರವಣ ಮಾಡಿ ಮನನ, ಅಂದರೆ ಕೇಳಿದ್ದನ್ನು ತೂಗಿ ನೋಡುವುದು, ಬಿಟ್ಟದ್ದೇ ಇಲ್ಲಿನ ದೊಡ್ಡ ಸೋಲು. ಸಂಶಯ ಎತ್ತುವುದು ಅವಿನಯ ಎಂದು ನಮ್ಮಲ್ಲಿ ಕೆಲವರು ಸುಮ್ಮನಿರುತ್ತಾರೆ. ಕುಂಬಳೆಯ ಸೀಮೆಯವರು ಹಾಗೆ ಹೆದರಬೇಕಾಗಿಲ್ಲ. ಮಧ್ವಾಚಾರ್ಯರಿಗೂ ಅದ್ವೈತಿಯಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ದಿನಗಟ್ಟಲೆ ವಾದ ನಡೆದದ್ದು ಇದೇ ಕೂಡ್ಲಿನಲ್ಲಿ, ಕೊನೆಗೆ ಪಂಡಿತರು ಪಕ್ಷವನ್ನೇ ಬದಲಿಸಿದರು.

ಇನ್ನೊಂದು ಕಾಯಿಲೆ ಪಾಂಡಿತ್ಯದ್ದು. ಆತ್ಮವನ್ನು ಮುಚ್ಚಿದ ಐದು ಪದರಗಳಾದ ಪಂಚಕೋಶಗಳನ್ನು ತಪ್ಪಿಲ್ಲದೆ ಹೇಳಬಲ್ಲವರು ಮನೆಯಲ್ಲಿ ಅನ್ನ ಎರಡು ನಿಮಿಷ ತಡವಾದರೆ ಸಿಡಿಯುತ್ತಾರೆ. ಅದಕ್ಕೇ ಶಾಸ್ತ್ರ ವಿವೇಕ, ವೈರಾಗ್ಯ, ಶಮ ದಮಾದಿ (ಮನಸ್ಸು, ಇಂದ್ರಿಯಗಳ ಹಿಡಿತ ಮೊದಲಾದ) ಆರು, ಮುಮುಕ್ಷುತ್ವ (ಬಿಡುಗಡೆಯ ಹಂಬಲ) ಎಂಬ ನಾಲ್ಕನ್ನು ಮೊದಲೇ ಕೇಳುತ್ತದೆ. ಅವು ಪ್ರವೇಶ ಪರೀಕ್ಷೆ ಅಲ್ಲ, ಓದಿನ ಜೊತೆಗೇ ಸಾಗಬೇಕಾದ ದುಡಿಮೆ.

ಕಾಞಂಗಾಡಿನ ನಾಮ

ನಾಮಜಪ ದ್ವೈತದ್ದಲ್ಲವೇ ಎಂದು ಕೇಳುವವರಿದ್ದಾರೆ. 1884ರಲ್ಲಿ ಹೊಸದುರ್ಗದಲ್ಲಿ, ಇಂದಿನ ಕಾಞಂಗಾಡಿನಲ್ಲಿ, ಹುಟ್ಟಿದ ಸ್ವಾಮಿ ರಾಮದಾಸರ ಬದುಕೇ ಅದಕ್ಕೆ ಉತ್ತರ. ಅವರು ರಮಣರ ದರ್ಶನ ಮಾಡಿ, ಅರುಣಾಚಲದ ಗುಹೆಯಲ್ಲಿ ದಿನರಾತ್ರಿ ರಾಮನಾಮ ಹೇಳುತ್ತ ಉಳಿದು ಹೊರಬಂದಾಗ ಗಿಡ, ಕಲ್ಲು, ದಾರಿಹೋಕ ಎಲ್ಲವೂ ರಾಮನೇ ಆಗಿತ್ತು. 1931ರಲ್ಲಿ ಸ್ಥಾಪನೆಯಾದ ಆನಂದಾಶ್ರಮದಲ್ಲಿ ಇಂದಿಗೂ ಹಗಲಿಡೀ ಅದೇ ನಾಮ ನಡೆಯುತ್ತದೆ: ಓಂ ಶ್ರೀ ರಾಮ ಜಯ ರಾಮ ಜಯ ಜಯ ರಾಮ.

ಸಾಧಾರಣ ವೇಗದಲ್ಲಿ 108 ಸಲಕ್ಕೆ ಆರೇಳು ನಿಮಿಷ ಹಿಡಿಯುತ್ತದೆ. ಮೂರು ಮಾಲೆ ಮಾಡಿ: ಮೊದಲನೆಯದು ದನಿ ಎತ್ತಿ, ಎರಡನೆಯದು ತುಟಿಯಲ್ಲಿ, ಮೂರನೆಯದು ಮನಸ್ಸಿನಲ್ಲಿ. ರಮಣರೂ ಜಪದ ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಹೇಳಿದ್ದಾರೆ. ಮೂರನೆಯದು ಮುಗಿದ ಮೇಲೆ ಮಾಲೆಯನ್ನು ಕೆಳಗಿಟ್ಟು ಐದು ನಿಮಿಷ ಸುಮ್ಮನಿದ್ದು, ಶಬ್ದ ಅಡಗಿದ್ದು ಎಲ್ಲಿ ಎಂದು ನೋಡಿ. ಈ ಐದು ನಿಮಿಷವನ್ನು ಹಾರಿಸಿಬಿಟ್ಟರೆ ಜಪ ಲೆಕ್ಕದ ಪುಸ್ತಕವಾಗುತ್ತದೆ, ‘ರಾಮ ಅಲ್ಲಿ, ನಾನು ಇಲ್ಲಿ’ ಎಂಬಲ್ಲೇ ನಿಲ್ಲುತ್ತದೆ. ದುಃಖದಲ್ಲಿರುವವರಿಗೆ, ಮನಸ್ಸು ಅಸ್ಥಿರವಾಗಿರುವವರಿಗೆ, ವಯಸ್ಸಾದವರಿಗೆ, ಓದು ಬರದವರಿಗೆ ಇದಕ್ಕಿಂತ ಸುರಕ್ಷಿತ ದಾರಿ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಮೊಬೈಲಿನ ಅದ್ವೈತಿಗಳು ಇದನ್ನು ಕೆಳಗಿನ ಮೆಟ್ಟಿಲೆಂದು ಬದಿಗಿಡುವುದು ತೀರಾ ಅನ್ಯಾಯ.

ನೇರ ದಾರಿ, ಅಡಿಕೆಯೊಂದನ್ನು ಹಿಡಿದು

ತಿರುವಲ್ಲದ ಬಳಿಯ ಪೆರಿಂಗರದವರಾದ ಪಿ. ಕೃಷ್ಣ ಮೆನೋನ್ (1883–1959) ತಿರುವಾಂಕೂರಿನ ಪೊಲೀಸ್ ಇಲಾಖೆಯಲ್ಲಿದ್ದುಕೊಂಡೇ ಆತ್ಮಾನಂದರಾದವರು. ಅವರ ಪಾಠದ ಧಾಟಿಯೇ ಇಂದು ರೂಪರ್ಟ್ ಸ್ಪೈರಾ ಮೊದಲಾದವರ ಮಾತಿನಲ್ಲಿ ‘ನೇರ ದಾರಿ’ ಎಂಬ ಹೆಸರಿನಲ್ಲಿ ಓಡಾಡುತ್ತಿದೆ. ಮಲಯಾಳ ಓದಬಲ್ಲ ಕಾಸರಗೋಡಿನವರು ಮೂಲವನ್ನೇ ಹಿಡಿಯಬಹುದು.

ಮಾಡಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ. ಸುಲಿದ ಅಡಿಕೆಯೊಂದನ್ನು ಕೈಯಲ್ಲಿ ಹಿಡಿಯಿರಿ. ಕಣ್ಣಿಗೆ ಸಿಕ್ಕಿದ್ದು ಕಂದು ಬಣ್ಣ, ಒಂದು ಆಕಾರ. ಅಡಿಕೆ ಸಿಗಲಿಲ್ಲ, ನೋಟ ಸಿಕ್ಕಿತು. ಕಣ್ಣು ಮುಚ್ಚಿ. ಬೆರಳಿಗೆ ಸಿಕ್ಕಿದ್ದು ಗಟ್ಟಿತನ, ಒರಟು; ಅದು ಸ್ಪರ್ಶ. ಮೂಗಿಗೆ ವಾಸನೆ, ನಾಲಗೆಗೆ ಒಗರು. ಈ ನಾಲ್ಕನ್ನು ತೆಗೆದರೆ ಆಚೆ ಉಳಿದ ‘ಅಡಿಕೆ’ ಎಂಬುದು ನಿಮಗೆ ಎಂದಾದರೂ ನೇರವಾಗಿ ಸಿಕ್ಕಿದೆಯೇ? ಈಗ ನೋಟವನ್ನೇ ಹಿಡಿಯಿರಿ: ನೋಟದಲ್ಲಿ ಅರಿವು ಮುಗಿದು ನೋಟ ಶುರುವಾಗುವ ಗಡಿ ಎಲ್ಲಿದೆ? ಅವಸರ ಮಾಡದೆ ಹುಡುಕಿ. ಅಡಿಕೆ ಮುಗಿದ ಮೇಲೆ ಅಂಗೈಯನ್ನೇ, ಆಮೇಲೆ ‘ನನ್ನ ದೇಹ’ ಎಂಬ ಭಾವನೆಯನ್ನೇ, ಕೊನೆಗೆ ಯೋಚನೆಯನ್ನೇ ಹೀಗೆ ಪರೀಕ್ಷಿಸಿ. ಬುದ್ಧಿ ಹೊರಗಿನ ಲೆಕ್ಕ ಹಾಕುವ ಬದಲು ತನ್ನ ಮೂಲದ ಕಡೆ ತಿರುಗಿ ಮಾಡುವ ಈ ವಿವೇಚನೆಯನ್ನು ಆತ್ಮಾನಂದರು ವಿದ್ಯಾವೃತ್ತಿ ಎಂದು ಕರೆದರು.

ಲೆಕ್ಕ, ವಿಜ್ಞಾನ, ಕಾನೂನು ಓದಿದವರಿಗೆ ಇದು ಬೇಗ ಹಿಡಿಸುತ್ತದೆ. ಅವರೇ ಬೇಗ ಕೆಡುವವರು ಕೂಡ: ವಾದ ಗೆದ್ದ ಸಂತೋಷಕ್ಕೆ ನಿಂತುಬಿಡುತ್ತಾರೆ, ಅಥವಾ ‘ಹಾಗಾದರೆ ಇರುವುದು ನನ್ನೊಬ್ಬನ ಮನಸ್ಸು, ಉಳಿದವರು ನನ್ನ ಕನಸು’ ಎಂಬ ಕುರುಡು ಗುಂಡಿಗೆ ಬೀಳುತ್ತಾರೆ. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದ್ದರಿಂದ ಹಾಗಾಗುತ್ತದೆ. ಅಡಿಕೆಯನ್ನು ಕರಗಿಸಿದ ಹತ್ಯಾರಿನಿಂದಲೇ ‘ನನ್ನೊಬ್ಬನ ಮನಸ್ಸ’ನ್ನೂ ಕರಗಿಸಬೇಕು.

ಇದಕ್ಕೆ ತಂಗಿಯಂತಿರುವುದು ಇಂಗ್ಲೆಂಡಿನ ಡಗ್ಲಸ್ ಹಾರ್ಡಿಂಗ್ (1909–2007) ಕೊಟ್ಟ ‘ತಲೆಯಿಲ್ಲದ ದಾರಿ’. ತೋರುಬೆರಳನ್ನು ಎದುರಿನ ಗೋಡೆಯತ್ತ ಚಾಚಿ. ಅಲ್ಲಿ ಬಣ್ಣ, ಆಕಾರ ಕಾಣುತ್ತದೆ. ಬೆರಳನ್ನು ಪಾದಕ್ಕೆ, ಮೊಣಕಾಲಿಗೆ, ಎದೆಗೆ ತೋರಿಸುತ್ತ ಬನ್ನಿ; ಎಲ್ಲ ಕಡೆ ಏನೋ ಒಂದು ವಸ್ತು ಕಾಣುತ್ತದೆ. ಕೊನೆಗೆ ಬೇರೆಯವರಿಗೆ ನಿಮ್ಮ ಮುಖ ಕಾಣುವ ಜಾಗಕ್ಕೇ ಬೆರಳು ತಿರುಗಿಸಿ. ನೆನಪನ್ನು ಬಿಟ್ಟು, ಈಗ ಕಾಣುವುದನ್ನು ಮಾತ್ರ ನಂಬಿದರೆ ಅಲ್ಲಿ ಮುಖ ಕಾಣುತ್ತದೆಯೇ, ಗೋಡೆ, ಅಂಗಳ, ಬೆರಳು ಎಲ್ಲಕ್ಕೂ ಜಾಗ ಕೊಟ್ಟ ಬಯಲು ಕಾಣುತ್ತದೆಯೇ? ಬಯಲು ಎಂಬ ಮಾತು ವಚನಗಳನ್ನು ಕೇಳಿ ಬೆಳೆದವರಿಗೆ ಅಪರಿಚಿತವಲ್ಲ. ಎರಡು ನಿಮಿಷದ ಕೆಲಸ, ಯಾವ ಭಾಷೆಯೂ ಬೇಡ. ‘ಇಷ್ಟೇನಾ?’ ಎಂದು ಕೈಬಿಡುವುದೇ ಇಲ್ಲಿನ ತಪ್ಪು. ಬಸ್ಸಿಗೆ ಕಾಯುವಾಗ, ಯಾರಾದರೂ ಬೈಯುತ್ತಿರುವಾಗ ಐದೈದು ಸೆಕೆಂಡು, ದಿನಕ್ಕೆ ಇಪ್ಪತ್ತು ಸಲ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಬೇರೆ ಯಾವ ಸಾಧನೆಯ ಜೊತೆಗೂ ಇದನ್ನು ಸೇರಿಸಿಕೊಳ್ಳಬಹುದು.

‘ಮಾಡುವುದಕ್ಕೇನಿಲ್ಲ’ ಎನ್ನುವವರು

ರಮಣರ ಬಳಿ ಬಂದಿದ್ದ ಎಚ್.ಡಬ್ಲ್ಯು.ಎಲ್. ಪೂಂಜಾ ಲಖನೌದಲ್ಲಿ 1997ರ ತನಕ, ಹುಡುಕಾಟ ನಿಲ್ಲಿಸು, ಸುಮ್ಮನಿರು ಎಂದು ಬಂದವರಿಗೆ ಹೇಳುತ್ತಿದ್ದರು. ಗಂಗಾಜಿ, ಮೂಜಿ ಮೊದಲಾದವರ ಸತ್ಸಂಗಗಳು ಅಲ್ಲಿಂದ ಹರಿದವು. ಟೋನಿ ಪಾರ್ಸನ್ಸ್ ಇನ್ನೂ ಮುಂದೆ ಹೋಗಿ ಸಾಧಕ, ಸಾಧನೆ ಎರಡೂ ಇಲ್ಲ ಅನ್ನುತ್ತಾರೆ. ಇಪ್ಪತ್ತು ವರ್ಷ ಹಟ ಹಿಡಿದು ಕೂತು, ಸಾಧನೆಯೇ ಅಹಂಕಾರವಾಗಿಬಿಟ್ಟವರಿಗೆ ಈ ಮಾತು ಬಿಡುಗಡೆ ಕೊಡಬಲ್ಲದು. ಇಪ್ಪತ್ತರ ವಯಸ್ಸಿನಲ್ಲಿ ಇನ್ನೂ ಒಂದು ದಿನವೂ ನೆಟ್ಟಗೆ ಕೂರದವರಿಗೆ ಇದು ಸೋಮಾರಿತನಕ್ಕೆ ಪ್ರಮಾಣಪತ್ರ. ಮಾತು ಸುಳ್ಳಲ್ಲ, ಹೊತ್ತು ಬೇರೆ.

ಧ್ಯಾನದ ಆ್ಯಪುಗಳ ಬಗ್ಗೆ ಒಂದೇ ಮಾತು: ಕೂರುವ ರೂಢಿ ಬರಲು ಒಳ್ಳೆಯವು, ಪ್ರಶ್ನೆ ಕೇಳಲು ಬರುವುದಿಲ್ಲ. ಹತ್ತು ದಿನದ ವಿಪಶ್ಯನಾ ಶಿಬಿರವನ್ನು ಅದ್ವೈತವೆಂದು ತಿಳಿದು ಹೋಗಬೇಡಿ. ಅದು ಅನಿತ್ಯ, ಅನಾತ್ಮಗಳ ಬೌದ್ಧ ಸಾಧನೆ, ಅದರ ಗುರಿ ಮತ್ತು ಭಾಷೆ ಬೇರೆ.

ಒಂದು ಕಠಿಣ ಪರೀಕ್ಷೆ

ಯಾವ ಬೋಧಕರನ್ನಾದರೂ ಒಪ್ಪುವ ಮೊದಲು ಅವರು ವ್ಯವಹಾರ (ದಿನದ ಬದುಕಿನ ಮಟ್ಟ), ಪರಮಾರ್ಥ (ಕೊನೆಯ ಸತ್ಯದ ಮಟ್ಟ) ಎರಡನ್ನೂ ಬೇರೆ ಬೇರೆ ಇಡುತ್ತಾರೋ ನೋಡಿ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯ ಕಡೆ, ಮೂವತ್ತು ದಾಟಿದ ಮಗನಿಗೆ ಇಂದಿಗೂ ತುತ್ತು ಉಣಿಸುವ ತಾಯಿಯ ಎದುರು ನಿಂತು ‘ನೋವು ಪಡುವವರು ಯಾರೂ ಇಲ್ಲ, ಎಲ್ಲ ಮಿಥ್ಯೆ’ ಎನ್ನಲು ಯಾರಿಗಾದರೂ ಬಾಯಿ ಬಂದರೆ, ಅದು ಅದ್ವೈತವಲ್ಲ, ಕಲ್ಲುತನ. ಶಾಸ್ತ್ರದಲ್ಲಿ ಮಿಥ್ಯೆ ಎಂದರೆ ಇಲ್ಲದ್ದು ಎಂದಲ್ಲ, ತನ್ನಷ್ಟಕ್ಕೆ ನಿಲ್ಲದ್ದು ಎಂದು. ಹಸಿವಿಗೆ ಅನ್ನ, ರೋಗಕ್ಕೆ ಮದ್ದು, ಅನ್ಯಾಯಕ್ಕೆ ಹೋರಾಟ ಎಲ್ಲವೂ ವ್ಯವಹಾರದಲ್ಲಿ ಪೂರ್ತಿ ಸತ್ಯ. ನೋವನ್ನು ಮುಟ್ಟದೆ ದಾಟಲು ವೇದಾಂತವನ್ನು ಏಣಿ ಮಾಡಿಕೊಳ್ಳುವ ಚಾಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್ವುಡ್ 1980ರ ದಶಕದಲ್ಲೇ ಒಂದು ಹೆಸರು ಕೊಟ್ಟರು, ಅಧ್ಯಾತ್ಮದ ಅಡ್ಡದಾರಿ ಎಂಬರ್ಥದ್ದು. ಗುರುವಿನಲ್ಲೂ ಅದನ್ನು ನೋಡಿ, ನಿಮ್ಮಲ್ಲೂ ನೋಡಿ.

ಪ್ರಶ್ನೆ ಕೇಳಿದರೆ ‘ಅದು ನಿನ್ನ ಅಹಂಕಾರ’ ಎಂದು ಬಾಯಿ ಮುಚ್ಚಿಸುವವರು, ಮನೆಯವರಿಗೆ ಹೇಳಬೇಡ ಅನ್ನುವವರು, ಒಂದೊಂದು ಹಂತಕ್ಕೆ ಒಂದೊಂದು ದರ ಇಟ್ಟವರು, ಮೈ ಮುಟ್ಟುವುದನ್ನು ಕೃಪೆ ಅನ್ನುವವರು, ಇಂಥವರಿಂದ ಆ ದಿನವೇ ಎದ್ದು ಬನ್ನಿ.

ಮದ್ದಿನ ವಿಷಯ

ಸಾಧನೆಯಲ್ಲಿ ಜಗತ್ತು ತೆಳುವಾಗಿ ಕಾಣುವುದು, ‘ನಾನು’ ಹಗುರವಾಗುವುದು ಸಹಜ; ಜೊತೆಗೆ ಪ್ರೀತಿ, ನಗು, ಕೆಲಸದ ಉತ್ಸಾಹ ಉಳಿದಿರುತ್ತದೆ. ಕನ್ನಡಿಯಲ್ಲಿ ತನ್ನ ಮುಖ ಪರಕೀಯ ಅನಿಸಿ ಹೆದರಿಕೆಯಾಗುವುದು, ಮಕ್ಕಳನ್ನು ನೋಡಿದರೂ ಏನೂ ಅನಿಸದಿರುವುದು, ಗಾಜಿನ ಹಿಂದೆ ನಿಂತು ಬದುಕಿದಂತಾಗುವುದು ವಾರಗಟ್ಟಲೆ ಇದ್ದರೆ ಅದು ಜ್ಞಾನದ ಲಕ್ಷಣವಲ್ಲ, ವೈದ್ಯರು ಗುರುತಿಸಿ ಚಿಕಿತ್ಸೆ ಕೊಡುವ ಸ್ಥಿತಿ. ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆಯೂ ದಣಿವಾಗದೆ, ಮಾತು ಓಡುತ್ತ, ತಾನೇ ಅವತಾರ ಎಂಬ ಭಾವ ಬಂದರೆ ತಡಮಾಡಬಾರದು, ಮನೆಯವರೇ ಕರೆದುಕೊಂಡು ಹೋಗಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ನಿಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಹಿಂದೆ ಇಂಥ ಕಾಯಿಲೆ ಬಂದಿದ್ದರೆ ದೀರ್ಘ ಮೌನದ ಶಿಬಿರಗಳು ಬೇಡ. ಇಂಥ ಸಂದರ್ಭದಲ್ಲಿ ವಿಚಾರಕ್ಕಿಂತ ನಾಮ, ತೋಟದ ಕೆಲಸ, ನಾಲ್ಕು ಜನರ ಸಂಗ ಒಳ್ಳೆಯದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾವ ಸ್ವಾಮಿಗಳು ಹೇಳಿದರೂ ನಿಲ್ಲಿಸಬೇಡಿ.

ಹಾಗಾದರೆ ಯಾವುದು?

ಸಂಶಯ ಜಾಸ್ತಿ, ಓದುವ ತಾಳ್ಮೆ ಇದೆ, ವಾರಕ್ಕೆ ನಾಲ್ಕೈದು ಗಂಟೆ ಸಿಗುತ್ತದೆ ಎನ್ನುವವರಿಗೆ ಶ್ರವಣ. ಓದಿ ಓದಿ ಸಾಕಾದವರಿಗೆ ರಮಣರ ವಿಚಾರ. ಮನಸ್ಸು ಚಡಪಡಿಸುತ್ತದೆ, ಪ್ರಶ್ನೆಗಿಂತ ನೆಲೆ ಬೇಕು ಎಂದಾದರೆ ‘ನಾನಿದ್ದೇನೆ’. ಎದೆ ಭಾರವಾಗಿದ್ದರೆ ನಾಮ. ತರ್ಕದ ಮನಸ್ಸಿನವರಿಗೆ ನೇರ ದಾರಿ, ಆದರೆ ಜೊತೆಗೆ ಮಾತಾಡಲು ಒಬ್ಬರಾದರೂ ಇರಬೇಕು. ಎರಡು ದಾರಿ ಹೊಂದುತ್ತವೆ ಎನಿಸಿದರೆ ನಿಮಗೆ ಜಗಳವಾಡಲು ಬರುವ ಭಾಷೆಯಲ್ಲಿ ಸಿಗುವುದನ್ನು ಆರಿಸಿ. ಇಂಗ್ಲಿಷಿನಲ್ಲಿ ತಲೆಯಾಡಿಸಿ ಒಪ್ಪಿದ್ದು ಕನ್ನಡದಲ್ಲಿ ಯೋಚಿಸಿದಾಗ ಎಷ್ಟೋ ಸಲ ನಿಲ್ಲುವುದಿಲ್ಲ. ‘ಅವೇರ್‌ನೆಸ್’ ಎಂದು ಕೇಳಿದ್ದನ್ನು ‘ಅರಿವು’ ಎಂದು ತಿಳಿಯಬೇಕೋ ‘ಎಚ್ಚರ’ ಎಂದೋ ಎಂಬುದರಲ್ಲೇ ಅರ್ಧ ದಾರಿ ತಪ್ಪಬಹುದು.

ಆರಿಸಿದ್ದನ್ನು ಒಂದು ಮಂಡಲ, 48 ದಿನ, ಬೇರೇನೂ ಸೇರಿಸದೆ ಮಾಡಿ. ಶುರುಮಾಡಲು ಮಳೆಗಾಲ ಒಳ್ಳೆಯದು, ಆದರೆ ತೋಟಕ್ಕೆ ಮದ್ದು ಬಿಡುವ ವಾರಗಳನ್ನು ತಪ್ಪಿಸಿ. ಬೆಳಗ್ಗೆ 20 ನಿಮಿಷ, ರಾತ್ರಿ ಮಲಗುವ ಮೊದಲು 10. ಒಂದು ಪುಸ್ತಕದಲ್ಲಿ ದಿನಕ್ಕೆ ಮೂರೇ ಸಾಲು: ಎಷ್ಟು ಹೊತ್ತು ಕೂತೆ, ಎಳೆದುಕೊಂಡು ಹೋದದ್ದು ಯಾವುದು, ಇಂದು ಸಿಟ್ಟು ಬಂದದ್ದು ಇಳಿಯಲು ಎಷ್ಟು ಹೊತ್ತು ಹಿಡಿಯಿತು. ಬೆಳಕು ಕಂಡದ್ದು, ಮೈ ಜುಮ್ಮೆಂದದ್ದು ಬರೆಯುವುದು ಬೇಡ. ಮಂಡಲ ಮುಗಿದ ಮೇಲೆ ಮೂರನೆಯ ಸಾಲನ್ನು ಮೊದಲಿನಿಂದ ಓದಿಕೊಂಡು ಬನ್ನಿ, ಮತ್ತು ಮನೆಯಲ್ಲಿ ಜೊತೆಗಿರುವವರನ್ನು ಕೇಳಿ. ಸಿಟ್ಟು ಇಳಿಯುವ ಹೊತ್ತು ಕಡಿಮೆಯಾಗಿದ್ದರೆ ಅದೇ ದಾರಿಯಲ್ಲಿ ಇನ್ನೊಂದು ವರ್ಷ ಮುಂದುವರಿಯಿರಿ. ಆಗಿಲ್ಲವಾದರೆ ಆ ದಾರಿಯ ಕಾಯಿಲೆ ಯಾವುದೆಂದು ಮೇಲೆ ಹೇಳಿದೆಯೋ ಅದು ಹಿಡಿದಿದೆಯೇ ಎಂದು ಮೊದಲು ನೋಡಿ, ತಿದ್ದಿಕೊಂಡು ಇನ್ನೊಂದು ಮಂಡಲ ಮಾಡಿ, ಆಮೇಲೆ ಮಾತ್ರ ಬೇರೆಯದನ್ನು ಹಿಡಿಯಿರಿ.